ಗರುಗದ ಕಪ್ಪು

ಗರುಗದ ದಂಟು ಮುರಿದಾಗ ಬರುವ ವಾಸನೆಗೆ ಇಂಥದೇ ಎಂದು ಹೆಸರಿಲ್ಲ. ಹಸಿ ಹುಲ್ಲಿನದು ಎನ್ನೋಣವೆಂದರೆ ಅದಕ್ಕಿಂತ ತಂಪು, ಕೆಸರಿನದು ಎನ್ನೋಣವೆಂದರೆ ಅದಕ್ಕಿಂತ ಚೊಕ್ಕ. ನನಗಂತೂ ಗದ್ದೆಯ ಬದುವಿನ ಮೇಲೆ ಕೂತು ಯಾರೋ ಎಳೆಸೌತೆ ಹೆಚ್ಚುತ್ತಿದ್ದಾರೆ ಅನ್ನಿಸುತ್ತದೆ. ಮೊನ್ನೆ ನಾನು ಪಾಠ ಮಾಡುವ ಶಾಲೆಯ ಹಿಂದೆ, ಕೈತೊಳೆಯುವ ನಲ್ಲಿಗಳ ನೀರು ಹರಿದುಹೋಗುವ ಕಡೆ, ಹುಡುಗಿಯರೆಲ್ಲ ಗುಂಪುಗೂಡಿ ಒಂದು ಗಿಡದ ಮೇಲೆ ನನ್ನದೇ ಫೋನು ಹಿಡಿದು ನಿಂತಿದ್ದರು. ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಅದರಲ್ಲಿದೆ. ಗಿಡದಲ್ಲಿ ಹೂವಿರಲಿಲ್ಲ. ನೇರ ಹಿಡಿದರೆ ಒಂದು ಹೆಸರು ಬರುತ್ತಿತ್ತು, ಸ್ವಲ್ಪ ಓರೆ ಹಿಡಿದರೆ ಇನ್ನೊಂದು, ಯಾರದೋ ಜಡೆಯ ನೆರಳು ಬಿದ್ದರೆ ಮತ್ತೊಂದು. "ಯಾವ್ದು ಸರಿ ಮಿಸ್?" ಎಂದು ಕೇಳಿದರು. ನಾನು ಬಗ್ಗಿ ಒಂದು ದಂಟು ಮುರಿದು ಅಂಗೈಯಲ್ಲಿ ಉಜ್ಜಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಫೋನು, ಹುಡುಗಿಯರು, ಶಾಲೆ ಎಲ್ಲ ಹಿಂದೆ ಸರಿದು ನಾನು ಕೊಪ್ಪದ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ನಿಂತಿದ್ದೆ. ಅಲ್ಲಿ ಅಜ್ಜಿ ಒರಳ ಮುಂದೆ ಕಾಲು ಚಾಚಿ ಕೂತಿದ್ದಳು.

ಆ ಮನೆ ಈಗಿಲ್ಲ. ಬಸ್ ಸ್ಟ್ಯಾಂಡಿನಿಂದ ಮೇಲಕ್ಕೆ ಹತ್ತುವ ದಾರಿಯ ಎಡಕ್ಕೆ, ಈಗ ಮೊಬೈಲ್ ರಿಪೇರಿ ಅಂಗಡಿಯೂ ಅದರ ಮೇಲೊಂದು ಫೋಟೋ ಸ್ಟುಡಿಯೋವೂ ಇರುವ ಜಾಗದಲ್ಲಿ ಅದು ಇತ್ತು. ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಬೆಳಿಗ್ಗೆ ನನಗೆ ಎಚ್ಚರವಾಗುತ್ತಿದ್ದದ್ದೇ ಹೊಲಿಗೆ ಮೆಷಿನ್ನಿನ ಸದ್ದಿಗೆ, ಇಸ್ತ್ರಿಪೆಟ್ಟಿಗೆಯ ಕೆಂಡದ ವಾಸನೆಗೆ. ಶಿವಮೊಗ್ಗದ ಬಸ್ಸು ಬಂದರೆ ಅಪ್ಪ ಕಾಲು ನಿಲ್ಲಿಸಿ ಕತ್ತೆತ್ತಿ ನೋಡುತ್ತಿದ್ದ, ಚಿಕ್ಕಮಗಳೂರಿನದಾದರೆ ನೋಡುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಮನೆಯ ಹೆಂಗಸರೆಲ್ಲ ಆ ಅಂಗಡಿಯ ಕೆಲಸದವರೇ. ಅಮ್ಮ ಅಂಚು ಮಡಿಸಿ ಹೆಮ್ಮಿಂಗ್ ಮಾಡುತ್ತಿದ್ದಳು. ಅಪ್ಪನ ತಂಗಿ ಸರೋಜತ್ತೆ ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಗುಂಡಿ ತೂರುವ ಆ ಸಣ್ಣ ಕಿಂಡಿಗೆ ಅಜ್ಜಿ ಹಾಕಿದ ದಾರ, ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಬಿಡುತ್ತಿರಲಿಲ್ಲ. ಸರೋಜತ್ತೆಗೆ ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ, ಏಕೆಂದರೆ ಅವಳ ಬಾಯಿ ಅಪ್ಪನ ಕತ್ತರಿಗಿಂತ ಚುರುಕು. ಆದರೆ ರಾತ್ರಿ ಅಜ್ಜಿಯ ಕಾಲು ಒತ್ತುತ್ತಿದ್ದವಳೂ ಅವಳೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಕಣ್ಣು ಮಂಜಾಗತೊಡಗಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಕಣ್ಣಿನ ನರ ಸೊರಗಿದೆ, ಇರುವಷ್ಟು ದಿನ ಇರುತ್ತದೆ, ಹೋದದ್ದು ಮಾತ್ರ ವಾಪಸ್ಸು ಬರುವುದಿಲ್ಲ ಎಂದರಂತೆ. ಮೊದಮೊದಲು ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಿದ್ದಳು. ಆಮೇಲೆ ಕಾಜಾಗಳು ಸೊಟ್ಟಗಾದವು. ಅಂಗಿಗಳು ಅಜ್ಜಿಯ ಮಡಿಲಿಗೆ ಬರುವುದು ನಿಂತಿತು, ಅಷ್ಟೇ. ಒಂದು ದಿನ ಅನ್ನದಲ್ಲಿ ಕಲ್ಲು ಸಿಕ್ಕಿತು, ಅಕ್ಕಿ ಆರಿಸುವ ಕೆಲಸ ಅಮ್ಮನ ಪಾಲಾಯಿತು. ಇನ್ನೊಂದು ದಿನ ದೇವರ ದೀಪದ ಎಣ್ಣೆ ಹಣತೆಯ ಆಚೆ ಬಿತ್ತು, ದೀಪ ಹಚ್ಚುವುದು ಸರೋಜತ್ತೆಗೆ ಹೋಯಿತು. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಒಬ್ಬರನ್ನು ಮನೆಯೊಳಗೇ ಕೂರಿಸಿ ಮನೆಯಿಂದ ಹೊರಗೆ ಹಾಕುವುದು ಹೀಗೆಯೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಕೊನೆಗೆ ಅಜ್ಜಿಗೆ ಅಂತ ಉಳಿದದ್ದು ಕಾಡಿಗೆಯ ಕೆಲಸ ಒಂದೇ.

ಕಾಡಿಗೆ ಮಾಡುವುದನ್ನು ಅಜ್ಜಿ ತನ್ನ ತವರು ನೆಮ್ಮಾರಿನಿಂದ ಕಲಿತು ಬಂದಿದ್ದಳು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟುವುದಿದ್ದರೂ ಅಜ್ಜಿಯ ಕಾಡಿಗೆಯೇ ಆಗಬೇಕು. ಗರುಗವನ್ನು ಬೇರುಮಣ್ಣು ತೊಳೆದು, ಎಲೆ, ದಂಟು, ಹೂವು ಸಮೇತ ಒರಳಲ್ಲಿ ರುಬ್ಬಿ ರಸ ಹಿಂಡುವುದು. ತೊಳೆದು ತೊಳೆದು ಮೆತ್ತಗಾದ ಬಿಳಿ ಪಂಚೆಯ ತುಂಡೊಂದನ್ನು ಆ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸುವುದು, ಮತ್ತೆ ಹೊಸ ರಸದಲ್ಲಿ ಅದ್ದುವುದು, ಮತ್ತೆ ಒಣಗಿಸುವುದು. ಹಸಿರು ರಸ ಗಾಳಿ ತಾಗುತ್ತಿದ್ದ ಹಾಗೆ ಕಪ್ಪಿಗೆ ತಿರುಗುತ್ತದೆ; ಕೊನೆಗೆ ಬಟ್ಟೆ ಕಾಗೆಯ ರೆಕ್ಕೆಯ ಬಣ್ಣಕ್ಕೆ ಬರುತ್ತದೆ. ಆ ಬಟ್ಟೆಯನ್ನು ಬತ್ತಿ ಹೊಸೆದು, ಹರಳೆಣ್ಣೆಯಲ್ಲಿ ಉರಿಸಿ, ಮೇಲೆ ಕವುಚಿದ ಕಂಚಿನ ಬಟ್ಟಲಿಗೆ ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲೆಸಿದರೆ ಕಾಡಿಗೆ. ಬಟ್ಟೆಯನ್ನು ಅಜ್ಜಿ ಒಣಗಹಾಕುತ್ತಿದ್ದದ್ದು ಅಂಗಡಿಯ ಪಕ್ಕದ ಜಗಲಿಯ ತಂತಿಯ ಮೇಲೆ. ದಾರಿಯಲ್ಲಿ ಹೋಗುವವರು ಅದನ್ನು ನೋಡಿ "ಈಗ ಯಾರ ಮನೇದೇ ಅಜ್ಜಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳುವಾಗ ಅಜ್ಜಿಯ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಇಲ್ಲಿ ಗರುಗದ ಮನೆತನದ ಬಗ್ಗೆ ನಾಲ್ಕು ಮಾತು ಹೇಳಬೇಕು. ಸೇವಂತಿಗೆಯ ಬಳಗ ದೊಡ್ಡದು. ಹಬ್ಬಕ್ಕೆ ಮಾಲೆ ಕಟ್ಟುವ ಸೇವಂತಿಗೆ ಅದರಲ್ಲಿ ಸಿರಿವಂತೆ. ಬದು, ಚರಂಡಿ, ರಸ್ತೆಯ ಅಂಚಿನಲ್ಲಿ ತಾವೇ ಹುಟ್ಟಿ ತಾವೇ ಬೆಳೆಯುವವರು ಅವಳ ಬಡ ನೆಂಟರು. ನಮ್ಮ ಕಡೆ ಅಂಥವು ಮೂರು, ಒಂದನ್ನು ಕಂಡು ಇನ್ನೊಂದೆಂದು ಎಡವುವಂಥವು. ಒಂದು ಒಣಜಾಗದ್ದು, ಉದ್ದ ಕಡ್ಡಿಯ ತುದಿಗೆ ಕೆನೆಬಣ್ಣದ ಒಂಟಿ ಹೂವು. ಕೈಕಾಲು ಕೊಯ್ದುಕೊಂಡರೆ ಅದರ ರಸ ಹಿಂಡುತ್ತಿದ್ದರಿಂದ ನಮ್ಮ ಮನೆಯಲ್ಲಿ ಅದು ಗಾಯದ ಸೊಪ್ಪು. ಅದರ ಬೀಜಕ್ಕೆ ಹತ್ತಿಯಂಥ ಕೂದಲಿದ್ದು ಊದಿದರೆ ಹಾರುತ್ತದೆ, ಗರುಗದ್ದು ಹಾರುವುದಿಲ್ಲ. ಅದನ್ನು ಸಣ್ಣ ಮಕ್ಕಳೂ ಗುರುತಿಸುತ್ತವೆ. ನಿಜವಾದ ತಂಟೆ ಇರುವುದು ಉಳಿದೆರಡರಲ್ಲಿ. ಬಿಳಿ ಗರುಗ, ಹಳದಿ ಗರುಗ. ಎರಡೂ ಗದ್ದೆಯ ತೇವದಲ್ಲೇ ಒತ್ತೊತ್ತಾಗಿ ಬೆಳೆಯುತ್ತವೆ, ಎರಡರ ಎಲೆಯೂ ಉದ್ದಕ್ಕೆ ಚೂಪಾಗಿ ಎದುರುಬದುರು ಇರುತ್ತದೆ, ಎರಡೂ ಮುಟ್ಟಿದರೆ ಒರಟು. ಹೂವಿದ್ದರೆ ಸರಿ: ಬಿಳಿಯದು ಎಲೆಯ ಸಂದಿನಲ್ಲಿ ಗಿಡ್ಡ ತೊಟ್ಟಿನ ಮೇಲೆ ಅಕ್ಕಿನುಚ್ಚಿನಷ್ಟು ಸಣ್ಣ ದಳ ಬಿಡುತ್ತದೆ, ಹಳದಿಯದು ಉದ್ದ ತೊಟ್ಟೆತ್ತಿ ಬಂಗಾರದ ಬಿಲ್ಲೆಯನ್ನೇ ತೋರಿಸುತ್ತದೆ. ಹೂವಿಲ್ಲದಾಗ ಗದ್ದೆಯಲ್ಲೇ ಹುಟ್ಟಿ ಬೆಳೆದವರೂ ಒಮ್ಮೆ ತಡೆದು ನೋಡಬೇಕು. ತಲೆಗೆ ಹಾಕುವ ಎಣ್ಣೆ ಕಾಯಿಸಲು ಎರಡೂ ಆಗುತ್ತದೆ, ನಮ್ಮ ಮನೆಯಲ್ಲಿ ಬೆರೆಸಿಯೇ ಹಾಕುತ್ತಿದ್ದರು. ಕಾಡಿಗೆಗೆ ಮಾತ್ರ ಬಿಳಿಯದೇ ಬೇಕು. ಏಕೆಂದರೆ ಕಪ್ಪಾಗುವ ರಸ ಅದೊಂದರಲ್ಲೇ ಇರುವುದು.

ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ಗಿರಿಜಕ್ಕನನ್ನು ಎನ್.ಆರ್.ಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ಬಸುರಿಯಾದ ಸುದ್ದಿ ಬಂದ ದಿನ ಅಜ್ಜಿ ಅಪ್ಪನನ್ನು ಕರೆದು, "ನಾನು ಮರಿಮಗುಗೆ ಕಾಡಿಗೆ ಮಾಡ್ಬೇಕು. ಅದಾದ್ಮೇಲೆ ನೀವು ನನ್ನನ್ನ ಮೂಲೇಲಿ ಕೂರ್ಸಿ, ನಾ ಕೇಳಲ್ಲ" ಎಂದಳು. ಊರಿನ ಮಕ್ಕಳಿಗೆಲ್ಲ ಮಾಡಿದವಳು ತನ್ನ ಮೊಮ್ಮಗಳ ಮಗುವಿಗೆ ಮಾಡದೆ ಇರುವುದು ಹೇಗೆ? ಅಕ್ಕನಿಗೆ ಆರು ತಿಂಗಳು ತುಂಬುವ ಹೊತ್ತಿಗೆ ದೀಪಾವಳಿ ಕಳೆದು, ಗದ್ದೆಯಲ್ಲಿ ತೆನೆ ಬಾಗಿತ್ತು. ಮೇಗುಂದದ ದಾರಿಯ ಕೆಳಗಿನ ಗದ್ದೆಬದುವಿಗೆ ಅಜ್ಜಿಯನ್ನು ಕರೆದುಕೊಂಡು ನಾವೆಲ್ಲ ಹೋದೆವು. ಅಜ್ಜಿ ಕೂತಲ್ಲೇ ಸರಿಯುತ್ತ, ಒಂದೊಂದೇ ಗಿಡವನ್ನು ಬೆರಳಲ್ಲಿ ತಡವಿ, ಕೆಲವನ್ನು ಕಿತ್ತು ಕೆಲವನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಬಿಸಿಲು ಏರಿತು. ಬುಟ್ಟಿ ಅರ್ಧವೂ ಆಗಿರಲಿಲ್ಲ. ಅಮ್ಮ ಸರೋಜತ್ತೆಯ ಮುಖ ನೋಡಿದಳು, ಸರೋಜತ್ತೆ ಸೆರಗು ಸಿಕ್ಕಿಸಿಕೊಂಡು ಬದುವಿನ ಆ ತುದಿಗೆ ಹೋದಳು. ಅಲ್ಲಿ ಏನು ಮಾಡಿದಳೆಂದು ನಾನು ನೋಡಲಿಲ್ಲ. ಏಡಿ ಹಿಡಿಯುವ ಸಂಭ್ರಮದಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ಬುಟ್ಟಿ ತುಂಬಿತ್ತು. ಅದನ್ನು ಎತ್ತಿ ನೋಡಿದ ಅಜ್ಜಿ ತೂಕಕ್ಕೆ ಹಿಗ್ಗಿ, "ನಂಗೂ ಇನ್ನೂ ಕೈ ಓಡ್ತದೆ ಕಣ್ರೇ" ಎಂದಳು.

ಬಟ್ಟೆ ಕಪ್ಪಾಗಲಿಲ್ಲ. ಬದು ಸುತ್ತಿ ದಣಿದಿದ್ದ ಅಜ್ಜಿಗೆ ಈ ಸಲ ಸೊಪ್ಪು ರುಬ್ಬಿ ರಸ ಹಿಂಡಿಕೊಟ್ಟವಳು ಸರೋಜತ್ತೆ. ಮೊದಲ ಸಲ ಅದ್ದಿದಾಗ ಹಸಿರಾಗಿತ್ತು, ಒಣಗಿದ ಮೇಲೆ ಮಾಸಿದ ಹಸಿರಾಯಿತು. ಎರಡನೇ ಸಲಕ್ಕೆ ಸಗಣಿ ಸಾರಿಸಿದ ಬಣ್ಣ ಬಂತು. ಅಲ್ಲಲ್ಲಿ ಮಾತ್ರ ಕರೆಗಟ್ಟಿದ ಹಾಗೆ ಕಪ್ಪು. ಅಜ್ಜಿಗೆ ಅದು ಕಾಣುತ್ತಿರಲಿಲ್ಲ, ನಾವ್ಯಾರೂ ಹೇಳಲೂ ಇಲ್ಲ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಹಾಲಿನವಳು ತಂತಿಯ ಕಡೆ ನೋಡಿ, "ಇದೆಂತ ಅಜ್ಜಿ, ಕಾಡಿಗೆ ಬಟ್ಟೆಯೋ ಮಸಿಬಟ್ಟೆಯೋ?" ಎಂದು ನಕ್ಕು ಹೋದಳು. ಸರೋಜತ್ತೆ ಬಟ್ಟೆಯನ್ನು ಎಳೆದು ಒಳಗೆ ತಂದು ನಡುಮನೆಯಲ್ಲಿ ಹಾಕಿದಳು. "ಅಮ್ಮಾ, ಸಾಕು ಮಾಡು ಮಾರಾಯ್ತಿ. ಕಣ್ಣು ಕಾಣ್ದೆ ಎಂತೆಂತದೋ ಸೊಪ್ಪು ಕೊಯ್ಕಂಡು ಬಂದೀಯ. ಇದನ್ನ ಮಗುಗೆ ಹಚ್ಚಕ್ಕೆ ಆಗ್ತದಾ?" ಎಂದಳು. ಅಪ್ಪ ಮೆಷಿನ್ ನಿಲ್ಲಿಸಿ ಒಳಗೆ ಬಂದ. ಬಟ್ಟೆಯನ್ನು ಎತ್ತಿ ನೋಡಿ, "ಇನ್ನು ಗದ್ದೆಗೆ ಹೋಗೋದು ಬ್ಯಾಡಮ್ಮ, ಜಾರಿ ಬಿದ್ರೆ ಕಷ್ಟ. ಕಾಡಿಗೆ ಅಂಗಡೀಲಿ ಸಿಗ್ತದೆ" ಎಂದ. ಅಂಗಡಿಯಿಂದ ಹೊಲಿದ ಅಂಗಿ ಒಯ್ಯುವವರಿಗೆ ಹೇಳುವಷ್ಟೇ ಮೆತ್ತಗೆ ಹೇಳಿದ. ಅಜ್ಜಿ ಆ ಬಟ್ಟೆಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದಳು. ಆ ದಿನ ಅವಳು ಊಟ ಮಾಡಲಿಲ್ಲ.

ಊಟ ಬಿಟ್ಟರೂ ಯೋಚನೆ ಬಿಡುವ ಹೆಂಗಸಲ್ಲ ನಮ್ಮಜ್ಜಿ. ಮಾರನೆಯ ದಿನ ಅಮ್ಮ, ಸರೋಜತ್ತೆ ಇಬ್ಬರೂ ಮುಂದಿನ ಕೋಣೆಯಲ್ಲಿ ಕೂತು ಮದುವೆ ಮನೆಯೊಂದರ ರವಿಕೆ ಮುಗಿಸುತ್ತಿದ್ದಾಗ, "ಕೂಸೇ, ಒರಳ ಹತ್ರ ಸೋಸಿ ಬಿಸಾಕಿದ ದಂಟು ಇದ್ರೆ ತಗಂಬಾ" ಎಂದು ನನ್ನನ್ನು ಕಳಿಸಿದಳು. ರಸ ಹಿಂಡಿ ಉಳಿದ ಚರಟದ ರಾಶಿಯ ಪಕ್ಕದಲ್ಲಿ, ರುಬ್ಬಲು ಗಟ್ಟಿ ಎಂದು ಬಿಟ್ಟಿದ್ದ ಬಾಡಿದ ದಂಟುಗಳು ಒಂದು ಹಿಡಿಯಷ್ಟಿದ್ದವು. ಅವನ್ನು ಮಡಿಲಿಗೆ ಸುರಿದುಕೊಂಡು ಅಜ್ಜಿ ಒಂದೊಂದನ್ನೂ ಬುಡದಿಂದ ತುದಿಗೆ ಸವರತೊಡಗಿದಳು, ಅಂಗಿಯ ಪಟ್ಟಿಯ ಮೇಲೆ ಕಾಜಾದ ಜಾಗ ಹುಡುಕುತ್ತಿದ್ದ ಹಾಗೆಯೇ. ಒಂದು ದಂಟಿನ ಮೇಲೆ ಬೆರಳು ನಿಂತಿತು. ಉಗುರಿನಿಂದ ತುದಿ ಮುಟ್ಟಿ ನೋಡಿದಳು, ಮೂಗಿಗೆ ಹಿಡಿದಳು. "ಇಲ್ನೋಡು. ಗರುಗದ ಹೂವಿನ ತೊಟ್ಟು ಇಷ್ಟುದ್ದ ಇರ್ತದನೇ? ಇದು ಹಳದಿಯದು. ಹೂವು ಎಲ್ಲೋಯ್ತು? ಉದುರಿದ್ದಲ್ಲ ಇದು, ಯಾರೋ ಉಗುರಲ್ಲಿ ಚಿವುಟಿದ್ದು." ಅಜ್ಜಿ ಯಾವತ್ತೂ ಹೂ ಚಿವುಟುವವಳಲ್ಲ. ಅವಳ ಲೆಕ್ಕದಲ್ಲಿ ಹೂವು ಒರಳಿಗೆ ಹೋಗಲೇಬೇಕು. ಹಾಗಾದರೆ ಚಿವುಟಿದವರು ಯಾರು ಎಂಬುದು ನನಗೆ ಹೊಳೆಯುವ ಮೊದಲೇ ಅವಳಿಗೆ ಹೊಳೆದಿತ್ತು. "ಯಾರಿಗೂ ಹೇಳ್ಬ್ಯಾಡ, ಬಯಕೆ ಊಟ ಬರ್ಲಿ" ಎಂದಳು. ಅವಳ ಮುಖದಲ್ಲಿ ಆಗ ಬಂದ ನಗೆಯನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದವರು ಹಾಗೆ ನಗುತ್ತಾರೆ.

ಗಿರಿಜಕ್ಕನ ಬಯಕೆ ಊಟಕ್ಕೆ ಎನ್.ಆರ್.ಪುರದಿಂದ ಬೀಗರ ಕಡೆಯ ಹೆಂಗಸರು ಬಂದಿದ್ದರು. ಹೋಳಿಗೆ, ಚಿತ್ರಾನ್ನ, ಕೆಸುವಿನ ಪತ್ರೊಡೆ, ಅಕ್ಕನ ಜಡೆ ತುಂಬ ಹೂವು. ಊಟವಾಗಿ ಎಲ್ಲರೂ ಜಗಲಿಯಲ್ಲಿ ಎಲೆಅಡಿಕೆ ಹಾಕಲು ಕೂತಾಗ ಅಕ್ಕನ ಅತ್ತೆ, ದಪ್ಪನೆಯ ಗಂಭೀರ ಹೆಂಗಸು, "ಕಾಡಿಗೆ ಆಯ್ತಾ ಅಜ್ಜಿ? ನಿಮ್ಮ ಕಾಡಿಗೆ ಹೆಸರು ನಮ್ಮ ಕಡೆಗೂ ಬಂದಿದೆ" ಎಂದು ಕೇಳಿದರು. ಅಜ್ಜಿ ಬಾಯಿ ತೆರೆಯುವ ಮೊದಲೇ ಸರೋಜತ್ತೆ, "ಎಲ್ಲಿ ಕಾಡಿಗೆ! ನಮ್ಮಮ್ಮ ಗರುಗ ಅಂತ ಬದುವಿನ ಹುಲ್ಲನ್ನೆಲ್ಲ ಕಿತ್ಕಂಡು ಬಂದಿದ್ಲು" ಎಂದು ನಗಿಸಿದಳು. ಎಲ್ಲರೂ ನಕ್ಕರು, ಅಕ್ಕ ಒಬ್ಬಳು ನಗಲಿಲ್ಲ. "ಇರ್ಲಿ ಬಿಡಿ ಅಜ್ಜಿ, ನಮ್ಮಲ್ಲೂ ಈಗ ಅಂಗಡಿ ಕಾಡಿಗೆನೇ" ಎಂದು ಅಕ್ಕನ ಅತ್ತೆ ಸಮಾಧಾನ ಹೇಳಿದರು. ಅಜ್ಜಿಗೆ ಬೇಡವಾಗಿದ್ದದ್ದೇ ಆ ಸಮಾಧಾನ. ಕುಳಿತಲ್ಲಿಂದಲೇ ಧ್ವನಿ ಎತ್ತರಿಸಿ ಹೇಳಿದಳು: "ಬೀಗಿತ್ತಿ, ನೀವೇ ಎದ್ದು ಗದ್ದೆಬದುವಿಗೆ ಹೋಗಿ. ಬಿಳಿ ಗರುಗ, ಹಳದಿ ಗರುಗ, ಗಾಯದ ಸೊಪ್ಪು ಮೂರೂ ತನ್ನಿ. ಹೂವು, ತೊಟ್ಟು ಎಲ್ಲ ತೆಗೆದು ಕಲೆಸಿ ಮೊರದಲ್ಲಿ ಹಾಕಿ ನನ್ನ ಮುಂದೆ ಇಡಿ. ನಾನು ಬೇರೆ ಮಾಡಿ ಕೊಡ್ತೀನಿ. ಒಂದು ಎಲೆ ತಪ್ಪಿದ್ರೂ ನಾನು ಇನ್ನು ಕಾಡಿಗೆ ಸುದ್ದಿ ಎತ್ತಲ್ಲ."

ಒಳಗೆ ಅಪ್ಪನ ಮೆಷಿನ್ ನಿಂತಿತು. "ಎಂತದಮ್ಮ ಇದು, ನೆಂಟರ ಮುಂದೆ" ಎಂದು ಅಪ್ಪ ಗೊಣಗಿದ್ದು ಕೇಳಿಸಿತು. ಆದರೆ ಅಕ್ಕನ ಅತ್ತೆಗೆ ಪಂಥವೆಂದರೆ ಇಷ್ಟವೆಂದು ಕಾಣುತ್ತದೆ. ಬಾಯಲ್ಲಿದ್ದ ಎಲೆಅಡಿಕೆ ಉಗಿದು ಎದ್ದೇಬಿಟ್ಟರು. ಅಕ್ಕಪಕ್ಕದ ಮನೆಯ ಹೆಂಗಸರೂ ಅವರ ಜೊತೆ ಹೋದರು. ರೇಷ್ಮೆ ಸೀರೆಯುಟ್ಟವರು ಕೆಸರಿನಲ್ಲಿ ಇಳಿದು ಸೊಪ್ಪು ಕೀಳುವುದನ್ನು ಕಂಡ ಬಸ್ ಸ್ಟ್ಯಾಂಡಿನ ಜನ ಅವರ ಹಿಂದೆಯೇ ಬಂದು ನಮ್ಮ ಬೇಲಿಯ ಹತ್ತಿರ ಸೇರಿದರು. ಮೊರ ತುಂಬಿಕೊಂಡು ಬಂತು. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ಬೆಳಕಲ್ಲಿ ಅಂದಾಜು ಮಾಡಿದ್ಲು ಅಂತ ನಾಳೆ ಮಾತು ಬರಬಾರ್ದು" ಎಂದು ಅಂಗಡಿಯಿಂದ ಕಪ್ಪು ಲೈನಿಂಗ್ ಬಟ್ಟೆಯ ಪಟ್ಟಿ ತರಿಸಿ ಕಣ್ಣಿಗೆ ಕಟ್ಟಿಸಿಕೊಂಡಳು. ಕಟ್ಟಿದವಳು ಸರೋಜತ್ತೆ. ಗಂಟನ್ನು ಅವಳು ಎರಡು ಸಲ ಬಿಚ್ಚಿ ಮತ್ತೆ ಹಾಕಿದಳು.

ಅಜ್ಜಿ ಮೊರದೊಳಗೆ ಎರಡೂ ಕೈ ಇಟ್ಟಳು. ಗಾಯದ ಸೊಪ್ಪು ಮೊದಲು ಹೊರಗೆ ಬಂತು. ಅದರ ಎಲೆಯ ಅಂಚಿನ ಹಲ್ಲುಗಳು ಬೆರಳಿಗೆ ಸಿಗುತ್ತವೆ, ಮೈಮೇಲಿನ ಕೂದಲು ನೆಟ್ಟಗೆ ನಿಂತಿರುತ್ತದೆ. ಅದನ್ನು ಎಡಕ್ಕೆ ಎಸೆಯುತ್ತ, "ಇದು ನಮ್ಮ ಹುಡುಗ್ರ ಮೊಣಕಾಲಿಂದು" ಎಂದಳು, ಜನ ನಕ್ಕರು. ಉಳಿದೆರಡಕ್ಕೆ ಬಂದಾಗ ಯಾರೂ ನಗಲಿಲ್ಲ. ಅಜ್ಜಿ ಪ್ರತಿಯೊಂದು ದಂಟನ್ನೂ ಎರಡು ಬೆರಳ ನಡುವೆ ಹಿಡಿದು ತುದಿಯಿಂದ ಬುಡಕ್ಕೆ ಎಳೆಯುತ್ತಿದ್ದಳು. ಬಿಳಿಯದರ ಕೂದಲು ದಂಟಿಗೆ ಅಂಟಿ ಮಲಗಿರುತ್ತದೆ, ಮೇಲಿನಿಂದ ಕೆಳಕ್ಕೆ ಎಳೆದರೆ ಮಾತ್ರ ತಡೆಯುತ್ತದೆ. ಅದರ ಎಲೆ ತೊಟ್ಟಿಲ್ಲದೆ ನೇರ ದಂಟಿನ ಮೇಲೇ ಕೂತಿರುತ್ತದೆ. ಹಳದಿಯದರ ಎಲೆ ಬುಡದಲ್ಲಿ ಸ್ವಲ್ಪ ಸೊಂಟ ಸಣ್ಣ ಮಾಡಿಕೊಂಡಿರುತ್ತದೆ. ಬಿಳಿಯದು ತಲೆಯೆತ್ತಿ ನಿಲ್ಲುವ ಗಿಡ, ಹಳದಿಯದು ನೆಲಕ್ಕೆ ಒರಗಿ ಹರಿಯುತ್ತ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಅನುಮಾನ ಬಂದದ್ದನ್ನು ಮುರಿದು ಮೂಗಿಗೆ ಹಿಡಿಯುತ್ತಿ‌ದ್ದಳು, ಹಳದಿಯದಕ್ಕೆ ಎಲ್ಲೋ ಕರ್ಪೂರ ಇಟ್ಟಂಥ ಸಣ್ಣ ವಾಸನೆಯಿದೆ. ಇದೆಲ್ಲ ನನಗೆ ಆಮೇಲೆ ಅವಳೇ ಹೇಳಿಕೊಟ್ಟದ್ದು. ಆಗ ಕಂಡದ್ದು ಬರೀ ಆ ಬೆರಳುಗಳು. ಕಾಜಾ ಹಾಕಿ ಹಾಕಿ ತುದಿ ಗಟ್ಟಿಯಾಗಿದ್ದ ಬೆರಳುಗಳು ಒಂದೇ ವೇಗದಲ್ಲಿ ಎಡಕ್ಕೆ, ಬಲಕ್ಕೆ ಹೋಗಿ ಬರುತ್ತಿದ್ದವು. ಮೊರ ಖಾಲಿಯಾಯಿತು. ಅವಳ ಸುತ್ತ ಮೂರು ಗುಡ್ಡೆಗಳಾಗಿದ್ದವು: ಎಡಕ್ಕೆ ಗಾಯದ ಸೊಪ್ಪು, ನಡುವೆ ಹಳದಿ, ಬಲಕ್ಕೆ ಬಿಳಿ.

"ಸರಿ ಇದೆಯೋ ಇಲ್ವೋ ಹೆಂಗೆ ಗೊತ್ತಾಗೋದು?" ಎಂದು ಯಾರೋ ಕೇಳಿದರು. ನಿಜವೇ, ಹೂವಿಲ್ಲದ ಮೇಲೆ ತಂದವರಿಗೇ ಈಗ ಗುರುತಿರಲಿಲ್ಲ. ಅಜ್ಜಿ ಕಣ್ಣಿನ ಪಟ್ಟಿ ಬಿಚ್ಚದೆಯೇ, "ಕೈ ಚಾಚಿ ಎಲ್ರೂ" ಎಂದಳು. ಬಲಗಡೆಯ ಗುಡ್ಡೆಯಿಂದ ಅಕ್ಕನ ಅತ್ತೆ ಒಂದು ಎಲೆ ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದರು. ಹಾಲಿನವಳು ತಿಕ್ಕಿದಳು, ಪಕ್ಕದ ಮನೆಯವರು, ಅಮ್ಮ, ಅಕ್ಕ ಎಲ್ಲರೂ ಬೇರೆ ಬೇರೆ ಕಡೆಯಿಂದ ಎಲೆ ಆರಿಸಿ ತಿಕ್ಕಿದರು. ಇನ್ನು ಕೆಲವರು ನಡುವಿನ ಗುಡ್ಡೆಯದನ್ನು ತಿಕ್ಕಿಕೊಂಡರು. ಒಂದು ಸಲ ಎಲೆಅಡಿಕೆ ಜಗಿಯುವಷ್ಟು ಹೊತ್ತು ಎಲ್ಲ ಹೆಂಗಸರೂ ಭಿಕ್ಷೆ ಕೇಳುವವರ ಹಾಗೆ ಕೈ ಚಾಚಿ ಕೂತಿದ್ದರು. ಮೊದಲು ಅಕ್ಕನ ಅತ್ತೆಯ ಅಂಗೈಯ ಗೆರೆಗಳು ನೀಲಿಯಾದವು. ಆಮೇಲೆ ಹಾಲಿನವಳದು. ನೋಡುತ್ತಿದ್ದ ಹಾಗೆ ಬಲಗಡೆಯ ಗುಡ್ಡೆ ಮುಟ್ಟಿದ ಒಂದೊಂದು ಕೈಯೂ ಹಸಿರಿನಿಂದ ನೀಲಿಗೆ, ನೀಲಿಯಿಂದ ಕಪ್ಪಿಗೆ ತಿರುಗಿತು. ನಡುವಿನ ಗುಡ್ಡೆಯ ಕೈಗಳು ಹಸಿರಾಗಿಯೇ ಉಳಿದವು. ಒಂದೂ ತಪ್ಪಿರಲಿಲ್ಲ, ಒಂದೇ ಒಂದು! "ಅಜ್ಜೀ, ಕಪ್ಪಾಯ್ತು! ಎಲ್ರದ್ದೂ ಕಪ್ಪಾಯ್ತು!" ಎಂದು ನಾನು ಜಗಲಿಯ ತುಂಬ ಕುಣಿದೆ. ಅಕ್ಕನ ಅತ್ತೆ ತಮ್ಮ ಕರಿ ಅಂಗೈಯನ್ನು ಬೇಲಿಯ ಹತ್ತಿರ ನಿಂತವರಿಗೂ ಎತ್ತಿ ತೋರಿಸಿದರು. ಆ ಮಸಿ ಸೋಪಿಗೂ ಹೋಗದೆ ನಾಲ್ಕು ದಿನ ಇತ್ತು, ಎನ್.ಆರ್.ಪುರದಲ್ಲಿ ಸಿಕ್ಕವರಿಗೆಲ್ಲ ಕೈ ತೋರಿಸಿ ಕತೆ ಹೇಳಿದರು ಎಂದು ಅಕ್ಕ ಆಮೇಲೆ ನಗುತ್ತಿದ್ದಳು.

ಅಜ್ಜಿ ಪಟ್ಟಿ ಬಿಚ್ಚಿ ಮಡಿಚಿ ಸರೋಜತ್ತೆಯ ಕಡೆ ಚಾಚಿದಳು. "ಸರೋಜಾ, ಆವತ್ತು ಹೂವು ಚಿವುಟಿದ್ದು ಯಾಕೆ?" ಎಂದಳು. ಸಿಟ್ಟಿನಿಂದ ಅಲ್ಲ, ಉಪ್ಪು ಹಾಕಿದ್ದೀಯಾ ಎಂದು ಕೇಳಿದ ಹಾಗೆ. ಸರೋಜತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು: "ನಿನ್ನ ಬುಟ್ಟಿ ಅರ್ಧನೂ ತುಂಬಿರ್ಲಿಲ್ಲ ಕಣಮ್ಮ. ನಿಂಗೆ ಬೇಜಾರಾಗ್ತದೆ ಅಂತ ನಾನು ತುಂಬ್ಸಿದೆ. ಹಳದಿ ಹೂವು ಕೈಗೆ ಸಿಕ್ಕಿದ್ರೆ ಬೇರೆಯವ್ರು ಕೊಯ್ದಿದ್ದು ಅಂತ ನಿಂಗೆ ಗೊತ್ತಾಗ್ತದಲ್ಲ, ಅದ್ಕೆ ಚಿವುಟಿದೆ. ಎಣ್ಣೆಗೆ ಎರಡೂ ಹಾಕ್ತೀವಲ್ಲ, ಇದಕ್ಕೂ ಆಗ್ತದೆ ಅಂದ್ಕಂಡೆ. ಬಟ್ಟೆ ಕೆಟ್ಟ ಮೇಲೆ ನಂದೇ ತಪ್ಪು ಅಂತ ಒಪ್ಕಳಕ್ಕೆ ಮನಸ್ಸು ಬರ್ಲಿಲ್ಲ." ಅಜ್ಜಿ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡು, "ಅರ್ಧ ಬುಟ್ಟಿನೇ ಸಾಕಿತ್ತು ಮಾರಾಯ್ತಿ" ಎಂದಳು. ಆಮೇಲೆ ತಾಯಿಮಗಳು ಇಬ್ಬರೂ ನಗಲು ಶುರು ಮಾಡಿದರು, ನಗುತ್ತಲೇ ಅತ್ತರು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಸಂಜೆ ಹೊಸದಾಗಿ ಕತ್ತರಿಸಿದ ಒಂದು ಅಂಗಿಯನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟು, "ಕಾಜಾ ಎಲ್ಲಿ ಬರ್ಬೇಕು ಅಂತ ಮುಟ್ಟಿ ಹೇಳಮ್ಮ, ಸರೋಜ ಹೊಲೀತಾಳೆ" ಎಂದ. ಅಲ್ಲಿಂದ ಮುಂದೆ ನಮ್ಮ ಅಂಗಡಿಯ ಕಾಜಾಗಳ ಜಾಗವನ್ನು ಗುರುತು ಮಾಡುತ್ತಿದ್ದವಳು ಅಜ್ಜಿಯೇ.

ಆ ಗುಡ್ಡೆಯ ಗರುಗದಿಂದಲೇ ಮರುದಿನ ಹೊಸ ಬಟ್ಟೆ ಅದ್ದಿದಳು. ತಂತಿಯ ಮೇಲೆ ಅದು ದಿನದಿಂದ ದಿನಕ್ಕೆ ಕರ‍್ರಗಾಗುವುದನ್ನು ನೋಡಲು ಬೀದಿಯವರು ಸುಮ್ಮಸುಮ್ಮನೆ ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದರು. ಗಾಳಿಯಾಡದ ಅಡಿಗೆಮನೆಯ ಮೂಲೆಯಲ್ಲಿ ಬತ್ತಿ ಉರಿಸಿದ್ದು, ಬಟ್ಟಲು ಮಗುಚಿದಾಗ ವೆಲ್ವೆಟ್ಟಿನ ಹಾಗೆ ಕೂತಿದ್ದ ಮಸಿ, ಹರಳೆಣ್ಣೆಯ ಹೊಗೆಗೆ ನಮ್ಮೆಲ್ಲರ ಕಣ್ಣಲ್ಲಿ ಬಂದ ನೀರು, ಎಲ್ಲ ನೆನಪಿದೆ. ಅಂದು ಜಗಲಿಯಲ್ಲಿ ಚಾಚಿದ್ದ ಕೈಗಳಲ್ಲಿ ಹೆಚ್ಚಿನವು ಈಗಿಲ್ಲ. ಅಜ್ಜಿ ಹೋದಳು, ಅಪ್ಪ ಹೋದ, ಹಾಲಿನವಳು ಹೋದಳು, ಬೀಗಿತ್ತಿ ಹೋದರು. ಬಾಯಿಯೊಂದೇ ಗಟ್ಟಿ, ಎದೆಯೆಲ್ಲ ಬೆಣ್ಣೆ ಎಂದು ಊರೆಲ್ಲ ಹೇಳುತ್ತಿದ್ದ ಸರೋಜತ್ತೆ ಹೋಗಿಯೂ ವರ್ಷಗಳಾದವು. ಮೇಗುಂದದ ದಾರಿಯ ಆ ಬದುವಿನ ತುಂಬ ಈಗ ಯಾರದೋ ಹೂಕುಂಡದಿಂದ ತಪ್ಪಿಸಿಕೊಂಡು ಬಂದ, ಹೊಳೆಯುವ ದಪ್ಪ ಎಲೆಯ ಹಳದಿ ಬಳ್ಳಿ ಹಬ್ಬಿದೆ. ಅದೂ ಈ ಬಳಗದ್ದೇ, ನಮ್ಮ ಹಳದಿ ಗರುಗದ ಖಾಸಾ ದಾಯಾದಿ. ಎಲೆಗೆ ಮೂರು ಹಾಳೆ, ಹೂವಿಗೆ ಅಬ್ಬರ ಜಾಸ್ತಿ. ಜನ ಅದನ್ನೇ ಗರುಗವೆಂದು ಎಣ್ಣೆಗೆ ಹಾಕುವುದನ್ನು ಕಂಡಿದ್ದೇನೆ, ತಡೆದು ಜಗಳವನ್ನೂ ಆಡಿದ್ದೇನೆ. ಅಂಗೈಯಲ್ಲಿ ತಿಕ್ಕಿ ತೋರಿಸಿ ಗೆದ್ದೂ ಇದ್ದೇನೆ, ಬೇಕಾದರೆ ನಮ್ಮ ಶಾಲೆಯ ಹುಡುಗಿಯರನ್ನು ಕೇಳಿ.

ಗಿರಿಜಕ್ಕನಿಗೆ ಮಾಘದಲ್ಲಿ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನದ ಹೊತ್ತಿಗೆ ಅಜ್ಜಿಗೆ ಕಿಟಕಿ ಎಲ್ಲಿದೆ ಎಂಬ ಬೆಳಕೊಂದು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಕಣ್ಣೊಳಗೆ ಹಚ್ಚಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅಜ್ಜಿ ಅದಕ್ಕೆ ಎದುರಾಡಲಿಲ್ಲ. ಮಗುವಿನ ಹುಬ್ಬುಗಳನ್ನು ಬೆರಳಲ್ಲಿ ಹುಡುಕಿ, ಒಂದು ಚೂರೂ ಆಚೀಚೆಯಾಗದಂತೆ ಕಾಡಿಗೆ ತೀಡಿದಳು, ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟಿಟ್ಟಳು. ಆ ಕೆಂಪು ಮುಖದ ಮೇಲೆ ಆ ಕಪ್ಪು ಎಷ್ಟು ಚೆಂದ ಕಂಡಿತೆಂದರೆ, ಇಂಥದ್ದನ್ನು ಮಾಡಿದವಳಿಗೇ ಇದು ಕಾಣುವುದಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಅಕ್ಕನಿಗೂ ಹಾಗೇ ಅನ್ನಿಸಿರಬೇಕು. ಮಗುವನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿ, "ಇಷ್ಟೆಲ್ಲ ಮಾಡ್ದೆ ಅಜ್ಜಿ, ನಿಂಗೆ ಇವಳ ಮುಖ ಕಾಣ್ಸಲ್ವಲ್ಲ" ಎಂದು ಬಿಕ್ಕಿದಳು. ಅಜ್ಜಿ ಮಗುವಿನ ಹಣೆಯ ಮೇಲೆ ಅಂಗೈ ಇಟ್ಟು, "ನಂಗೆ ಕಾಣ್ದಿದ್ರೆ ಎಂತಾಯ್ತೇ ಹುಚ್ಚಿ? ಅವಳಿಗೆ ನಾನು ಕಾಣ್ತೀನಲ್ಲ" ಎಂದಳು. ಮಗು ನಿಜಕ್ಕೂ ಅಜ್ಜಿಯನ್ನೇ ನೋಡುತ್ತಿತ್ತು, ರೆಪ್ಪೆ ಕೂಡ ಬಡಿಯದೆ.